ಕಣ್ಣು ಸರಿಯಿದೆ ಎಂದ ಮೇಲೂ ಉರಿ ಏಕೆ?

‘ಡಾಕ್ಟ್ರೇ, ಕಣ್ಣಿನ ನರ ವೀಕ್ ಆಗಿದೆಯಾ?’ ಎಂಬ ಪ್ರಶ್ನೆ ನೇತ್ರತಜ್ಞರಿಗೆ ಹೊಸದಲ್ಲ. ಕೋವಿಡ್ ವಾಸಿಯಾಗಿ ತಿಂಗಳುಗಳು ಕಳೆದರೂ ಸುಸ್ತು, ತಲೆನೋವು, ಮರೆವು, ಕೈಕಾಲುಗಳ ಜೋಮು ಬಿಡದವರು ಕಣ್ಣಿನ ಉರಿಯನ್ನೂ ಹೇಳಿಕೊಂಡು ಇದೇ ಪ್ರಶ್ನೆ ಕೇಳಿದಾಗ, ಯಾವ ನರ ಎಂಬುದನ್ನು ನಾನು ಮೊದಲು ಬಿಡಿಸಿ ಹೇಳುತ್ತೇನೆ.

ಜನ ಸಾಮಾನ್ಯವಾಗಿ ಕಣ್ಣಿನ ನರ ಎನ್ನುವುದು ಕಣ್ಣಿನ ಹಿಂಭಾಗದಿಂದ ಮಿದುಳಿಗೆ ಹೋಗುವ ದೃಷ್ಟಿನರವನ್ನು. ವೈರಾಣು ಸೋಂಕಿನ ನಂತರ ಅದಕ್ಕೂ ಉರಿಯೂತ ಬರುವುದುಂಟು. 2006ರಲ್ಲಿ ಕರ್ನಾಟಕವನ್ನು ಹಣ್ಣುಮಾಡಿದ ಚಿಕೂನ್‌ಗುನ್ಯ ಜ್ವರದ ಬೆನ್ನಿಗೂ ಅಂಥ ತೊಂದರೆಗಳು ಕಂಡುಬರುತ್ತವೆ. ಆದರೆ ಆಗ ದೃಷ್ಟಿ ಮಂದವಾಗುತ್ತದೆ, ಕಣ್ಣು ಹೊರಳಿಸಿದರೆ ನೋವಾಗುತ್ತದೆ, ಕೆಂಪು ಬಣ್ಣ ಮಾಸಿದಂತೆ ಕಾಣುತ್ತದೆ. ಹಾಗಾದವರು ನಾಳೆ ನೋಡೋಣ ಎನ್ನದೆ ಅಂದೇ ವೈದ್ಯರ ಬಳಿ ಹೋಗಬೇಕು. ನಾನು ಇಲ್ಲಿ ಬರೆಯುತ್ತಿರುವುದು ಮುಂಭಾಗದ ನರಗಳ ಬಗ್ಗೆ.

ಕಣ್ಣಿನ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯಾ ಎಂಬ ಪಾರದರ್ಶಕ ಪೊರೆಯ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಆದರೆ ನೋವನ್ನು ಗ್ರಹಿಸುವ ನರತುದಿಗಳು ಚರ್ಮದಲ್ಲಿರುವುದಕ್ಕಿಂತ ನೂರಾರು ಪಟ್ಟು ಒತ್ತಾಗಿವೆ. ಒಂದು ಧೂಳಿನ ಕಣ ಬಿದ್ದರೂ ನಾವು ಕಂಗಾಲಾಗುವುದು ಇದರಿಂದಲೇ. ಮುಖದ ಸ್ಪರ್ಶಜ್ಞಾನವನ್ನು ನೋಡಿಕೊಳ್ಳುವ ಐದನೆಯ ಕಪಾಲನರದ ಕವಲುಗಳು ಇಲ್ಲಿಗೆ ಬಂದು, ಮೇಲ್ಪದರದ ಅಡಿಯಲ್ಲಿ ನವಿರಾದ ಬಲೆಯಾಗಿ ಹರಡಿಕೊಳ್ಳುತ್ತವೆ. ಕಣ್ಣೀರು ಸುರಿಸಲು, ರೆಪ್ಪೆ ಮಿಟುಕಿಸಲು ಸೂಚನೆ ಹೊರಡುವುದು ಈ ಬಲೆಯಿಂದ. ಮೇಲ್ಪದರದ ಕೋಶಗಳನ್ನು ಪೋಷಿಸುವ ಅಂಶಗಳೂ ಇದರಿಂದಲೇ ಒದಗುತ್ತವೆ. ಬಲೆ ತೆಳುವಾದಾಗ ಕೆಲವರಿಗೆ ಕಣ್ಣು ಜಡವಾಗುತ್ತದೆ, ಇನ್ನು ಕೆಲವರಲ್ಲಿ ಉಳಿದ ಎಳೆಗಳು ಸುಳ್ಳು ಸಂಕೇತ ಕಳಿಸತೊಡಗಿ, ಏನೂ ಬೀಳದಿದ್ದರೂ ಮರಳು ಬಿದ್ದಂತೆ ಚುಚ್ಚುತ್ತದೆ, ಫ್ಯಾನಿನ ಗಾಳಿಯೂ ಬೆಳಕೂ ಸಹಿಸಲಾಗುವುದಿಲ್ಲ.

ತೊಡಕಿರುವುದು ತಪಾಸಣೆಯಲ್ಲಿ. ನಾವು ದಿನವೂ ಬಳಸುವ ಸ್ಲಿಟ್ ಲ್ಯಾಂಪ್ ಕಣ್ಣನ್ನು ಹತ್ತರಿಂದ ನಲವತ್ತು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಈ ಎಳೆಗಳು ಅದರ ಅಳವಿಗೆ ಸಿಗುವುದಿಲ್ಲ. ಬಣ್ಣದ ಹನಿ ಹಾಕಿ ನೋಡಿದರೂ ಗಾಯವಿಲ್ಲ, ಕೆಂಪಿಲ್ಲ. ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತನ್ನು, ಒಪ್ಪಿಕೊಳ್ಳುತ್ತೇನೆ, ನಾನೂ ಆಡಿದ್ದೇನೆ.

ಆ ಎಳೆಗಳನ್ನು ಕಾಣಿಸುವ ಸಾಧನವೆಂದರೆ ಕಾನ್‌ಫೋಕಲ್ ಸೂಕ್ಷ್ಮದರ್ಶಕ. ಮರಗಟ್ಟಿಸುವ ಹನಿ ಹಾಕಿ, ಜೆಲ್ ಸವರಿದ ತುದಿಯನ್ನು ಕಾರ್ನಿಯಾಕ್ಕೆ ಮೆಲ್ಲಗೆ ತಾಗಿಸಿ ಚಿತ್ರ ತೆಗೆದು, ಎಳೆಗಳ ಸಂಖ್ಯೆ, ಕವಲು, ಉದ್ದ ಅಳೆಯುತ್ತಾರೆ. ಮಧುಮೇಹಿಗಳ ನರದೌರ್ಬಲ್ಯದ ಅಧ್ಯಯನದಲ್ಲಿ ಇದು ಮೊದಲೇ ಬಳಕೆಯಲ್ಲಿತ್ತು. ಟರ್ಕಿಯ ಕೋನ್ಯಾ ನಗರದ ನೆಜ್ಮೆತ್ತಿನ್ ಎರ್ಬಕಾನ್ ವಿಶ್ವವಿದ್ಯಾಲಯದ ಸಂಶೋಧಕರು ಕೋವಿಡ್‌ನಿಂದ ಚೇತರಿಸಿಕೊಂಡ 40 ಮಂದಿಯನ್ನೂ 30 ಆರೋಗ್ಯವಂತರನ್ನೂ ಹೀಗೆ ಪರೀಕ್ಷಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೋಂಕು ಕಳೆದು ನಾಲ್ಕು ವಾರಗಳಾದ ಮೇಲೂ ತಲೆನೋವು, ಜೋಮು, ರುಚಿ-ವಾಸನೆ ಕೆಟ್ಟಿರುವುದು ಮುಂತಾದ ನರಸಂಬಂಧಿ ಲಕ್ಷಣಗಳು ಉಳಿದಿದ್ದವರಲ್ಲಿ ಎಳೆಗಳು ಕಡಿಮೆಯಾಗಿದ್ದವು. ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರಾದ ಡೆಂಡ್ರೈಟಿಕ್ ಕೋಶಗಳು ಕಾರ್ನಿಯಾದಲ್ಲಿ ಹೆಚ್ಚಿದ್ದವು. ಹಾನಿಯನ್ನು ವೈರಾಣುವೇ ನೇರವಾಗಿ ಮಾಡದೆ, ಅದು ಕೆರಳಿಸಿದ ಉರಿಯೂತ ಮಾಡಿರಬಹುದು ಎಂಬ ಊಹೆಗೆ ಇದು ಇಂಬು ಕೊಡುತ್ತದೆ.

ಹಾಗೆಂದು ಈ ಪರೀಕ್ಷೆ ಮಾಡಿಸಿದರೆ ದೀರ್ಘ ಕೋವಿಡ್, ಅಂದರೆ ಸೋಂಕು ವಾಸಿಯಾದ ಮೇಲೂ ಲಕ್ಷಣಗಳು ಉಳಿಯುವ ಸ್ಥಿತಿ, ಇದೆಯೋ ಇಲ್ಲವೋ ತಿಳಿದುಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 40 ಜನರ ಅಧ್ಯಯನ ಸಣ್ಣದು. ಅಲ್ಲದೆ ಎಳೆಗಳು ಸವೆಯಲು ಬೇರೆ ಕಾರಣಗಳು ಬೇಕಾದಷ್ಟಿವೆ. ಸಕ್ಕರೆ ಕಾಯಿಲೆ, ಒಣಗಣ್ಣು, ಹಿಂದೆಂದೋ ಬಂದ ಸರ್ಪಸುತ್ತು, ಕನ್ನಡಕ ಬಿಡಿಸುವ ಲಾಸಿಕ್ ಶಸ್ತ್ರಚಿಕಿತ್ಸೆ, ಗ್ಲಾಕೋಮಾಕ್ಕೆ ವರ್ಷಗಟ್ಟಲೆ ಹಾಕಿದ, ಕೆಡದಂತಿಡುವ ಸಂರಕ್ಷಕ ಬೆರೆತ ಹನಿ, ಇವೆಲ್ಲ ಅದೇ ಚಿತ್ರವನ್ನು ತೋರಿಸಬಲ್ಲವು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯನ್ನೂ ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವ್ಯಾಖ್ಯಾನವೂ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳನ್ನೇ ಕೋವಿಡ್ ನಂತರದ ಸ್ಥಿತಿ ಎಂದು ಕರೆಯುತ್ತದೆ.

ಈ ಯಂತ್ರ ನಮ್ಮಲ್ಲಿ ದೊಡ್ಡ ಕಣ್ಣಾಸ್ಪತ್ರೆಗಳಿಗಷ್ಟೇ ಸೀಮಿತ. ಅದಿಲ್ಲದೆಯೂ ಆಗುವ ಕೆಲಸ ಸಾಕಷ್ಟಿದೆ. ಹತ್ತಿಯ ಎಳೆಯಿಂದ ಕಾರ್ನಿಯಾ ಮುಟ್ಟಿ ಸ್ಪರ್ಶ ಎಷ್ಟು ಉಳಿದಿದೆ ಎಂದು ನೋಡಬಹುದು. ಮರಗಟ್ಟಿಸುವ ಒಂದು ಹನಿ ಹಾಕಿದಾಗ ಉರಿ ನಿಂತರೆ ನೋವಿನ ಮೂಲ ಬಹುಮಟ್ಟಿಗೆ ಕಣ್ಣಿನ ಮೇಲ್ಮೈಯಲ್ಲೇ ಇದೆ. ನಿಲ್ಲದಿದ್ದರೆ ಮಿದುಳಿನ ನೋವಿನ ಮಾರ್ಗಗಳೂ ಕೆರಳಿರಬಹುದು, ಆಗ ಕಣ್ಣಿನ ಹನಿಗಳಷ್ಟರಿಂದ ಉಪಶಮನ ಸಿಗದು, ನರರೋಗ ತಜ್ಞರ ನೆರವು ಬೇಕು. ಮೊದಲನೆಯ ಗುಂಪಿನವರಿಗೆ ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನಿಂದ ಆರಂಭಿಸುತ್ತೇವೆ. ಅಗತ್ಯ ಬಿದ್ದರೆ ಅವರದೇ ರಕ್ತದ ತಿಳಿಯಿಂದ ತಯಾರಿಸಿದ ಸೀರಮ್ ಹನಿ ಕೊಡುತ್ತೇವೆ. ನರ ಚಿಗುರುವ ವೇಗ ತೀರ ನಿಧಾನ. ಲಾಸಿಕ್‌ನಲ್ಲಿ ಕತ್ತರಿಸಿದ ಎಳೆಗಳು ಮೊದಲಿನಂತಾಗಲು ವರ್ಷಗಳೇ ಬೇಕು. ವಾರದಲ್ಲಿ ಗುಣ ಕಾಣಲಿಲ್ಲವೆಂದು ಹನಿ ಬದಲಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆಗೆ ಹಾಕಿದ ಆ ಮರಗಟ್ಟಿಸುವ ಹನಿಯನ್ನೇ ಬರೆದುಕೊಡಿ ಎಂದು ಕೇಳುವವರಿದ್ದಾರೆ, ಎರಡು ನಿಮಿಷ ನೆಮ್ಮದಿ ಸಿಕ್ಕಿದವರ ಆಸೆ ಅರ್ಥವಾಗುವಂಥದ್ದೇ. ಆದರೆ ಮನೆಯಲ್ಲಿ ದಿನವೂ ಹಾಕಿಕೊಂಡರೆ ಅದು ಕಾರ್ನಿಯಾವನ್ನು ಕರಗಿಸಿ, ತೂತು ಬೀಳುವವರೆಗೂ ಕೊಂಡೊಯ್ಯಬಲ್ಲದು. ಅದನ್ನು ನಾನು ಬರೆದುಕೊಡುವುದಿಲ್ಲ.