ಚಿಪ್‌ನಲ್ಲಿ ಎಲ್ಲವೂ ಒಂದೇ ಸಮ ಕುಗ್ಗುವುದಿಲ್ಲ

ಹೊಸ ಫೋನ್ ಬಂದಾಗಲೆಲ್ಲ ‘3 ನ್ಯಾನೊಮೀಟರ್ ಚಿಪ್’ ಅನ್ನುವ ಮಾತು ಕೇಳುತ್ತೇವೆ. ಆ 3 ಈಗ ಅಳತೆಯಲ್ಲ, ಬರೀ ಹೆಸರು. ಅದರೊಳಗೆ ಒಂದು ಗೇಟಿನಿಂದ (ಟ್ರಾನ್ಸಿಸ್ಟರ್ ಎಂಬ ಪುಟ್ಟ ಸ್ವಿಚ್ಚನ್ನು ತೆರೆದು ಮುಚ್ಚುವ ಭಾಗ) ಪಕ್ಕದ ಗೇಟಿಗೇ 45ರಿಂದ 50 ನ್ಯಾನೊಮೀಟರ್ ದೂರ ಇರುತ್ತದೆ. ಆದರೂ ಸಂಖ್ಯೆ ಸಣ್ಣದಾದಷ್ಟೂ ಚಿಪ್ ಒಳ್ಳೆಯದು ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ, ಅಲ್ವಾ? ಚಿಪ್ ವಿನ್ಯಾಸ ಮಾಡುವವರ ಮೊದಲ ಪ್ರಶ್ನೆಯೇ ಬೇರೆ: ಇದರಲ್ಲಿ ಯಾವ ಭಾಗ ಕುಗ್ಗುತ್ತದೆ, ಯಾವುದು ಕುಗ್ಗುವುದಿಲ್ಲ?

ಲೆಕ್ಕ ಮಾಡುವ ಲಾಜಿಕ್ ಭಾಗ ಚೆನ್ನಾಗಿ ಕುಗ್ಗುತ್ತದೆ. ಅದರ ಪಕ್ಕದಲ್ಲೇ ಇದ್ದು, ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಕ್ಯಾಶ್ ಮೆಮೊರಿ, ಅಂದರೆ ಎಸ್‌ರ‍್ಯಾಮ್, ಹಟ ಹಿಡಿದು ಕೂತಿದೆ. ಇದರ ಒಂದು ಕೋಶದಲ್ಲಿ ಆರು ಟ್ರಾನ್ಸಿಸ್ಟರ್. ನಾಲ್ಕು ಟ್ರಾನ್ಸಿಸ್ಟರ್ ಎರಡು ಜೋಡಿಯಾಗಿ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಒಂದು ಕಡೆ 0 ಇದ್ದರೆ ಇನ್ನೊಂದು ಕಡೆ 1. ಉಳಿದೆರಡು ಒಳಗೆ ಹೋಗಿ ಬರುವ ಬಾಗಿಲು. ಎರಡೂ ಜೋಡಿ ತಕ್ಕಡಿಯ ತಟ್ಟೆಗಳ ಹಾಗೆ ಸರಿಸಮ ಇರಬೇಕು. ಟ್ರಾನ್ಸಿಸ್ಟರ್ ತೀರಾ ಸಣ್ಣದಾದರೆ ಕೆಲವೇ ಪರಮಾಣುಗಳ ವ್ಯತ್ಯಾಸಕ್ಕೂ ತಕ್ಕಡಿ ವಾಲುತ್ತದೆ. ಓದಲು ಹೋದಾಗ 1 ಇದ್ದದ್ದು 0 ಆಗಿಬಿಡಬಹುದು. ಇಂಥ ಕೋಶಗಳು ಒಂದು ಚಿಪ್‌ನಲ್ಲಿ ಕೋಟಿಗಟ್ಟಲೆ ಇರುತ್ತವೆ.

ಟಿಎಸ್‌ಎಂಸಿ ಎಂಬ ಚಿಪ್ ತಯಾರಿಸುವ ಕಂಪನಿಯ 5 ನ್ಯಾನೊಮೀಟರ್ ತಯಾರಿಕಾ ಪ್ರಕ್ರಿಯೆಯಲ್ಲಿ ಒಂದು ಕೋಶಕ್ಕೆ 0.021 ಚದರ ಮೈಕ್ರೊಮೀಟರ್ ಜಾಗ ಬೇಕಿತ್ತು. ಅದರದೇ ‘ಎನ್3ಇ’ ಎಂಬ 3 ನ್ಯಾನೊಮೀಟರ್ ಪ್ರಕ್ರಿಯೆಯಲ್ಲೂ ಅಷ್ಟೇ ಬೇಕು! ಹೊಸ ಪ್ರಕ್ರಿಯೆಯ ವೇಫರಿಗೆ, ಅಂದರೆ ಚಿಪ್ಪುಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆಗೆ, ಜಾಸ್ತಿ ದುಡ್ಡು ಕೊಟ್ಟರೂ ಮೆಮೊರಿಯ ಲೆಕ್ಕದಲ್ಲಿ ಉಳಿದದ್ದು ಏನೂ ಇಲ್ಲ.

ಹೊರಗಿನ ತಂತಿಗಳ ಜೊತೆ ವ್ಯವಹರಿಸುವ ಅನಲಾಗ್ ಭಾಗದ ಕಥೆಯೂ ಹೀಗೇ. ಅಲ್ಲಿ 3.3 ವೋಲ್ಟ್ ತಡೆಯುವ ದಪ್ಪ ಪದರದ ಟ್ರಾನ್ಸಿಸ್ಟರ್ ಬೇಕಾದರೆ, ಅದನ್ನು ಸಣ್ಣದು ಮಾಡಲು ಆಗುವುದಿಲ್ಲ.

ಹಾಗಾದರೆ ಎಲ್ಲವನ್ನೂ ಒಂದೇ ಪ್ರಕ್ರಿಯೆಯಲ್ಲಿ ಯಾಕೆ ಮಾಡಬೇಕು? 2019ರಲ್ಲಿ ಎಎಂಡಿ ಕಂಪನಿ ತನ್ನ ರೈಜನ್ 3000 ಪ್ರೊಸೆಸರನ್ನು ಬೇರೆ ಬೇರೆ ಸಣ್ಣ ಚಿಪ್ ತುಂಡುಗಳಾಗಿ ಮಾಡಿತು. ಲೆಕ್ಕ ಮಾಡುವ ಕೋರ್‌ಗಳು 7 ನ್ಯಾನೊಮೀಟರಿನಲ್ಲಿ, ಹೊರಗಿನ ಸಂಪರ್ಕ ನೋಡಿಕೊಳ್ಳುವ ತುಂಡು ಹಳೆಯ 12ರಲ್ಲಿ. ನನಗೆ ಇದು ತುಂಬ ಜಾಣತನದ ನಿರ್ಧಾರ ಅನ್ನಿಸುತ್ತದೆ. ತುಂಡು ಸಣ್ಣದಾದರೆ ಒಂದು ದೋಷಕ್ಕೆ ಹಾಳಾಗುವ ಸಿಲಿಕಾನ್ ಕೂಡ ಕಡಿಮೆ.

ಇದು ಸುಮ್ನೆ ಸಿಕ್ಕಿದ ಲಾಭವೇನೂ ಅಲ್ಲ. ಮಾಹಿತಿ ತುಂಡಿನಿಂದ ತುಂಡಿಗೆ ದಾಟುವಾಗ ಹೊತ್ತೂ ಹಿಡಿಯುತ್ತದೆ, ವಿದ್ಯುತ್ತೂ ಖರ್ಚಾಗುತ್ತದೆ. ಚಿಪ್‌ನ ಹೊರಗಿರುವ ಮುಖ್ಯ ಮೆಮೊರಿಗೂ ಈಗ ಸಂಪರ್ಕದ ತುಂಡನ್ನು ದಾಟಿಯೇ ಹೋಗಬೇಕು. ಹೀಗೆ ಅದು ದೂರವಾದ ಕೊರತೆ ತುಂಬಲು ಎಎಂಡಿ ಕೋರ್‌ಗಳ ಹತ್ತಿರದ ‘ಎಲ್3’ ಎಂಬ ಕ್ಯಾಶನ್ನು ದುಪ್ಪಟ್ಟು ಮಾಡಬೇಕಾಯಿತು. ಅಂದರೆ ಮತ್ತದೇ ಹಟಮಾರಿ ಎಸ್‌ರ‍್ಯಾಮ್! 2023ರ ಹೊತ್ತಿಗೆ ಅದಕ್ಕೂ ಒಂದು ದಾರಿ ಮಾಡಿದರು: 5 ನ್ಯಾನೊಮೀಟರಿನ ಕೋರ್ ತುಂಡಿನ ಮೇಲೆ, 7 ನ್ಯಾನೊಮೀಟರಿನಲ್ಲಿ ಮಾಡಿದ 64 ಎಂಬಿ ಕ್ಯಾಶ್ ತುಂಡನ್ನು ಅಂಟಿಸಿದರು.