ಮಗು ಅತ್ತಾಯ್ತು, ತಾಯಿ ಕಡೆ ಯಾರು ನೋಡ್ತಿದ್ದಾರೆ?

ಮಗು ಅತ್ತ ಕೂಡಲೇ ಕೋಣೆಯಲ್ಲಿದ್ದವರ ಕಣ್ಣೆಲ್ಲ ಅದರ ಮೇಲೆ. ಗಂಡೋ ಹೆಣ್ಣೋ, ಮೂಗು ಯಾರದು, ತೂಕ ಎಷ್ಟು. ಆಗ ನನ್ನ ಕೈ ಮಾತ್ರ ತಾಯಿಯ ಹೊಟ್ಟೆ ಮೇಲಿರುತ್ತದೆ. ದೊಡ್ಡ ಆಸ್ಪತ್ರೆಗೆ ಮೂರು ಗಂಟೆ ದಾರಿ ಇರುವ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ ನಾನು, ತರಬೇತಿ ಪಡೆದವಳು. ನನಗೆ ಭಯ ಶುರುವಾಗುವುದೇ ಎಲ್ಲರೂ ನಕ್ಕ ಮೇಲೆ.

ಮಾಸು ಬಿದ್ದ ಮೇಲೆ ಹೊಕ್ಕುಳಿನ ಆಸುಪಾಸಿನಲ್ಲಿ ಗರ್ಭಕೋಶ ಕೈಗೆ ಸಿಗುತ್ತದೆ. ಚೆಂಡಿನ ಹಾಗೆ ಗಟ್ಟಿಯಿದ್ದರೆ ಸಮಾಧಾನ. ಮೆತ್ತಗಿದ್ದರೆ ಅಪಾಯ. ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಗರ್ಭಕೋಶ ಬಿಗಿದು ಹಿಸುಕಿದರೆ ಮಾತ್ರ ಅವು ಮುಚ್ಚುತ್ತವೆ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತದೆ. ಹಾಗಾಗಿ ಜೋರಾಗಿ ರಕ್ತ ಹೋಗತೊಡಗಿದರೆ ಎರಡು ಗಂಟೆಯೊಳಗೇ ಜೀವ ಹೋಗಬಹುದು. ಆಸ್ಪತ್ರೆ ಮೂರು ಗಂಟೆ ದೂರ. ಲೆಕ್ಕ ನೀವೇ ಹಾಕಿ.

2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಬಸಿರು, ಹೆರಿಗೆ, ಬಾಣಂತನದ ತೊಂದರೆಗಳಿಂದ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ರಕ್ತಸ್ರಾವದ್ದೇ ದೊಡ್ಡ ಪಾಲು.

500 ಮಿಲಿಲೀಟರ್ ದಾಟಿದರೆ ಅತಿಯಾದ ರಕ್ತಸ್ರಾವ ಎನ್ನುತ್ತೇವೆ. ಆದರೆ ಬಟ್ಟೆ ಹೀರಿಕೊಂಡ ರಕ್ತವನ್ನು ಬ್ಯಾಟರಿ ಬೆಳಕಿನಲ್ಲಿ ಕಣ್ಣಂದಾಜಿನಲ್ಲಿ ಅಳೆಯುವುದು ಹೇಗೆ? ಅನುಭವ ಇದ್ದವರೂ ಕಡಿಮೆಯೇ ಹೇಳುತ್ತೇವೆ, ನಾನೂ ಸೇರಿ. ತಾಯಿಯ ಕೆಳಗೆ ಹಾಸುವ, ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಚೀಲವೊಂದಿದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳನ್ನು ಅಧ್ಯಯನಕ್ಕೆ ಆರಿಸಿ, ಸುಮಾರು ಅರ್ಧದಷ್ಟರಲ್ಲಿ ಈ ಚೀಲ ಬಳಸಿ, ಗೆರೆ ದಾಟಿದ ಕೂಡಲೇ ಗರ್ಭಕೋಶ ಬಿಗಿಯುವಂತೆ ಹೊಟ್ಟೆ ಉಜ್ಜುವುದು, ಔಷಧಿ, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೇ ಮಾಡಿ ನೋಡಿದರು. ಉಳಿದ ಆಸ್ಪತ್ರೆಗಳಿಗೆ ಹೋಲಿಸಿದರೆ ಅಲ್ಲಿ ತೀವ್ರ ರಕ್ತಸ್ರಾವದಂಥ ಗಂಭೀರ ತೊಂದರೆಗಳು ಶೇ. 60ರಷ್ಟು ಕಡಿಮೆಯಿದ್ದವು. ಆ ಫಲಿತಾಂಶ ಬಂದದ್ದು 2023ರಲ್ಲಿ. ಒಂದು ಚೀಲ, ಅಷ್ಟೇ ಅಲ್ವಾ ಅನ್ನಿಸಬಹುದು. ನನ್ನ ಕೈಗೆ ಬಂದಾಗ ನನಗೂ ಹಾಗೇ ಅನ್ನಿಸಿತ್ತು.

ಒಂದು ರಾತ್ರಿಯ ಮಾತು. ಎರಡನೇ ಹೆರಿಗೆ, ಸಲೀಸಾಗಿ ಆಯಿತು. ಮಾಸೂ ಪೂರ್ತಿ ಬಿತ್ತು. ಅರ್ಧ ಗಂಟೆ ಕಳೆದ ಮೇಲೆ ಆಕೆ, "ನಾ ಚೆನ್ನಾಗಿದ್ದೀನಿ ಅಕ್ಕಾ, ಸ್ವಲ್ಪ ಬಾಯಾರಿಕೆ ಅಷ್ಟೇ" ಎಂದಳು. ಆ ಬಾಯಾರಿಕೆ ನನಗೆ ಹಿಡಿಸಲಿಲ್ಲ. ನಾಡಿ ನೋಡಿದೆ, ಓಡುತ್ತಿತ್ತು. ಹೊಟ್ಟೆ ಮುಟ್ಟಿದೆ. ಗರ್ಭಕೋಶ ಮೆತ್ತಗಾಗಿ, ಹೊಕ್ಕುಳಿಗಿಂತ ಮೇಲಕ್ಕೇರಿ, ಒಂದು ಪಕ್ಕಕ್ಕೆ ಸರಿದಿತ್ತು. ಕೆಳಗೆ ಮೂತ್ರಚೀಲ ಊದಿಕೊಂಡಿತ್ತು. ಸಂಜೆಯಿಂದ ಆಕೆ ಮೂತ್ರಕ್ಕೇ ಹೋಗಿರಲಿಲ್ಲ. ಹೊರಗೆ ಕತ್ತಲು, ಒಳಗೆ ನೆಂಟರು, ಸಂಕೋಚ. ಮೂತ್ರಚೀಲ ತುಂಬಿದ್ದರೆ ಗರ್ಭಕೋಶ ಬಿಗಿಯಲಾರದು. ಎಲ್ಲರನ್ನೂ ಹೊರಗೆ ಕಳಿಸಿ, ಪಾತ್ರೆ ಇಟ್ಟು, ಕೂರಿಸಿ ಹಿಡಿದುಕೊಂಡೆ. ಮೂತ್ರ ಹೋದ ಮೇಲೆ ದುಂಡಗೆ ಉಜ್ಜಿದೆ. ಅಂಗೈ ಕೆಳಗೇ ಗಟ್ಟಿಯಾಗುತ್ತಾ ಬಂತು.

ಎಲ್ಲ ಸಲವೂ ಇಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಅದಕ್ಕೇ ಮಗು ಹುಟ್ಟಿದ ಒಂದೆರಡು ನಿಮಿಷದಲ್ಲೇ ತೊಡೆಗೆ ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ಕೊಡುತ್ತೇವೆ. ಈ ಔಷಧಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟೇ ಸರಿಯಾಗಿ ಇರದ ಊರಿನಲ್ಲಿ ಎಲ್ಲಿಂದ ತರುವುದು ತಂಪು? ಬಿಸಿಗೆ ಸತ್ವ ಕಳೆದುಕೊಂಡರೂ ನೋಡಲು ಮಾತ್ರ ನೀರಿನಷ್ಟೇ ತಿಳಿ. ಕೊಟ್ಟೆವು ಎಂಬ ಧೈರ್ಯ ಇರುತ್ತದೆ, ಕೆಲಸ ಮಾಡುವುದಿಲ್ಲ. ಅದೇ ಕೆಲಸ ಮಾಡುವ, ಬಿಸಿಗೆ ಕೆಡದ ಕಾರ್ಬೆಟೋಸಿನ್ ಇಂಜೆಕ್ಷನ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಇಂಜೆಕ್ಷನ್ ಯಾವುದೂ ಸಿಗದ ಕಡೆ ಮಿಸೊಪ್ರೊಸ್ಟಾಲ್ ಮಾತ್ರೆ ಇದೆ. ಅದನ್ನು ಕೊಟ್ಟರೆ ಚಳಿ, ಜ್ವರ ಬರಬಹುದು ಎಂದು ಮನೆಯವರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಸುಮ್ನೆ ಗಾಬರಿಯಾಗುತ್ತಾರೆ.

ಇನ್ನು ಆಸ್ಪತ್ರೆಗೆ ಕಳಿಸುವ ಮಾತು. ಹೋಗೋಣ ಎಂದು ತೀರ್ಮಾನಿಸಲು ತಡ, ದಾರಿಯಲ್ಲಿ ತಡ, ಹೋದ ಮೇಲೆ ಚಿಕಿತ್ಸೆ ಸಿಗಲು ತಡ. ಈ ಮೂರು ತಡಗಳ ಬಗ್ಗೆ ಥೇಡಿಯಸ್ ಮತ್ತು ಮೇನ್ ಎಂಬ ಇಬ್ಬರು ತಜ್ಞೆಯರು 1994ರಲ್ಲಿ ಬರೆದರು. ನನ್ನ ಕೈಯಲ್ಲಿ ಅಷ್ಟಿಷ್ಟು ಇರುವುದು ಮೊದಲನೆಯದು ಮಾತ್ರ. ಏಳನೇ ತಿಂಗಳಲ್ಲೇ ಕೇಳುತ್ತೇನೆ: ಗಾಡಿ ಯಾರದ್ದು? ಗಂಡ ಊರಲ್ಲಿಲ್ಲದಿದ್ದರೆ ಹೂಂ ಅನ್ನುವವರು ಯಾರು? ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ರಕ್ತ ಬೇಕಾದರೆ ಯಾರು ಬರುತ್ತಾರೆ? ಬಸುರಿಯ ತಪಾಸಣೆ ಕಾರ್ಡಿನಲ್ಲಿ ಇದಕ್ಕೆಲ್ಲ ಕಾಲಂ ಇಲ್ಲ. ಹಿಂದುಗಡೆ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.

ಒಮ್ಮೆ ಬಿಪಿ 140/90 ಬಂದು, ತಲೆನೋವು ಬೇರೆ ಇದ್ದ ಬಸುರಿಯನ್ನು ಕಳಿಸಿದ್ದಕ್ಕೆ "ಇಷ್ಟಕ್ಕೆಲ್ಲಾ ಕಳಿಸ್ತೀರಾ?" ಎಂದು ಬೈಸಿಕೊಂಡೆ. ಬೈದವರಿಗೆ ಆಪರೇಷನ್ ಕೋಣೆ ಪಕ್ಕದಲ್ಲೇ ಇತ್ತು. ಬಿಪಿ ಏರಿ ನಡುರಾತ್ರಿ ಫಿಟ್ಸ್ ಬಂದರೆ ನನ್ನ ಹತ್ತಿರ ಇರುವುದು ಅದನ್ನು ತಡೆಯುವ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್, ಆಮೇಲೆ ಬೆಳಗಿನ ತನಕ ಕಾಯುವುದು. ಇವತ್ತೂ ಅಂಥವಳನ್ನು ಕಳಿಸಿಯೇ ಕಳಿಸುತ್ತೇನೆ.

ಹೆರಿಗೆಯಾದ ಮೇಲೆ ಎರಡು ಗಂಟೆ ನಾನು ಮನೆ ಬಿಡುವುದಿಲ್ಲ. ಕಾಲು ಗಂಟೆಗೊಮ್ಮೆ ಹೊಟ್ಟೆ, ನಾಡಿ, ಬಟ್ಟೆ ನೋಡುತ್ತೇನೆ. ಮಗುವನ್ನು ಎದೆಗೆ ಹಾಕಿಸುತ್ತೇನೆ. ಮಗು ಚೀಪಿದಂತೆ ತಾಯಿಯ ಮೈಯಲ್ಲೇ ಆಕ್ಸಿಟೋಸಿನ್ ಉಕ್ಕಿ ಗರ್ಭಕೋಶ ಇನ್ನಷ್ಟು ಬಿಗಿಯುತ್ತದೆ. ಹೊರಡುವ ಮುಂಚೆ ಆಕೆಯ ಕೈ ಹಿಡಿದು ಹೊಟ್ಟೆ ಮೇಲಿಟ್ಟು ತೋರಿಸುತ್ತೇನೆ. "ಗಟ್ಟಿ ಇದೆ ನೋಡು. ಮೆತ್ತಗಾಯ್ತು ಅನ್ನಿಸಿದ್ರೆ ಹೀಗೆ ಉಜ್ಜು, ನನಗೆ ಹೇಳಿ ಕಳ್ಸು."