ಮಗನ ಗೋಲ್ಡ್ ಕಾರ್ಡು ಅಪ್ಪ-ಅಮ್ಮನಿಗೆ ನಡೆಯುತ್ತಾ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಮಗಳು ಜರ್ಮನಿಯಲ್ಲಿದ್ದಾಳೆ. ಕೊನೆಕೊಯ್ಲು ಮುಗಿಸಿಕೊಂಡು ಅವಳ ಬಾಣಂತನಕ್ಕೆ ನಾನು, ನಮ್ಮನೆಯವರು ಹೊರಡುವವರಿದ್ದೇವೆ. ಮಗ ಬೆಂಗಳೂರಿನಲ್ಲಿದ್ದಾನೆ. ಆಫೀಸಿನ ಕೆಲಸಕ್ಕೆ ಓಡಾಡಿ ಓಡಾಡಿ ಏರ್ ಇಂಡಿಯಾದಲ್ಲಿ ಗೋಲ್ಡ್ ಮೆಂಬರ್ ಆಗಿದ್ದಾನೆ, ಪಾಯಿಂಟ್ಸೂ ಜಾಸ್ತಿ ಇವೆಯಂತೆ. ನಾವು ನೋಡಿರುವುದು ಲುಫ್ತಾನ್ಸಾ ವಿಮಾನ. ಅವನ ಕಾರ್ಡಿನಲ್ಲಿ ನಮಗೆ ಲಾಂಜು, ಹೆಚ್ಚಿನ ಲಗೇಜು ಸಿಗುತ್ತಾ? ಆ ಪಾಯಿಂಟ್ಸಿನಲ್ಲಿ ನಮ್ಮ ಟಿಕೆಟ್ ಮಾಡಿಸಬಹುದಾ?

ಉತ್ತರ: ಪಾಯಿಂಟ್ಸಿನಲ್ಲಿ ಟಿಕೆಟ್ ಮಾಡಿಸಬಹುದು. ಕಾರ್ಡಿನ ಸೌಲಭ್ಯ ಮಾತ್ರ ನಿಮಗೆ ಸಿಗುವುದಿಲ್ಲ. ಮಗನೂ ನಿಮ್ಮ ಜೊತೆ ಅದೇ ವಿಮಾನ ಹತ್ತಿದರೆ ಅಷ್ಟಿಷ್ಟು ಸಿಗುತ್ತದೆ. ಪಾಯಿಂಟ್ಸು ಮತ್ತು ಸ್ಟೇಟಸ್ಸು (ಸಿಲ್ವರ್, ಗೋಲ್ಡ್ ಅನ್ನುವ ದರ್ಜೆ) ಒಂದೇ ಖಾತೆಯಲ್ಲಿ ಕಾಣುವುದರಿಂದ ಎರಡೂ ಒಂದೇ ಅಂತ ನಮ್ಮ ಕಡೆ ತುಂಬಾ ಜನ ತಿಳಿದುಕೊಂಡಿದ್ದಾರೆ. ಪಾಯಿಂಟ್ಸು ಖರ್ಚಾಗುವ ಸರಕು, ಮನೆಯವರಿಗಾಗಿ ಖರ್ಚು ಮಾಡಬಹುದು. ಸ್ಟೇಟಸ್ಸು ಹಾಗಲ್ಲ. ಓಡಾಡಿದವನ ಹೆಸರಿಗೆ ಅಂಟಿಕೊಂಡದ್ದು, ಅಪ್ಪ-ಅಮ್ಮನಿಗೂ ದಾಟಿಸಲು ಬರುವುದಿಲ್ಲ.

ಏರ್ ಇಂಡಿಯಾದ ಕಾರ್ಡಿಗೆ ಲುಫ್ತಾನ್ಸಾದವರು ಯಾಕೆ ಬೆಲೆ ಕೊಡುತ್ತಾರೆ? ಎರಡೂ ಸ್ಟಾರ್ ಅಲಯನ್ಸ್ ಅನ್ನುವ ಕೂಟದಲ್ಲಿವೆ. 1997ರಲ್ಲಿ ಐದು ಕಂಪನಿಗಳು ಸೇರಿ ಕಟ್ಟಿಕೊಂಡ ಕೂಟ ಅದು. ಲುಫ್ತಾನ್ಸಾ ಆ ಐದರಲ್ಲಿ ಒಂದು. ಏರ್ ಇಂಡಿಯಾ ಸೇರಿದ್ದು 2014ರ ಜುಲೈ 11ಕ್ಕೆ. ಮಗನ ಖಾತೆ ಇರುವ ಯೋಜನೆಗೆ ಮೊದಲು ಫ್ಲೈಯಿಂಗ್ ರಿಟರ್ನ್ಸ್ ಅಂತಿದ್ದರು, ಈಗ ಮಹಾರಾಜ ಕ್ಲಬ್. ಅಲ್ಲಿ ಗೋಲ್ಡ್ ಅಥವಾ ಪ್ಲಾಟಿನಂ ಆದವರು ಕೂಟದ ಲೆಕ್ಕದಲ್ಲಿ ಸ್ಟಾರ್ ಗೋಲ್ಡ್. ಅಂಥವರಿಗೆ ಕೂಟದ ಯಾವ ಕಂಪನಿಯ ವಿಮಾನದಲ್ಲಾದರೂ ಬೇರೆ ಸಾಲಿನಲ್ಲಿ ಚೆಕ್-ಇನ್, ಮೊದಲು ಹತ್ತಲು ಅವಕಾಶ, ಲಾಂಜು, ಹೆಚ್ಚಿನ ಲಗೇಜು ಇರುತ್ತದೆ. ಲಗೇಜನ್ನು ತೂಕದಲ್ಲಿ ಲೆಕ್ಕ ಹಾಕುವ ಕಡೆ 20 ಕಿಲೋ ಜಾಸ್ತಿ, ಬ್ಯಾಗಿನ ಲೆಕ್ಕ ಇರುವ ಕಡೆ ಒಂದು ಬ್ಯಾಗ್ ಜಾಸ್ತಿ. ಸಿಲ್ವರ್ ಆಗಿದ್ದರೆ ಇದ್ಯಾವುದೂ ಇಲ್ಲ, ವೇಟಿಂಗ್ ಲಿಸ್ಟಿನಲ್ಲಿ ಸ್ವಲ್ಪ ಮುಂದೆ ಹಾಕುತ್ತಾರೆ ಅಷ್ಟೆ.

ಮಗ ನಿಮ್ಮನ್ನು ಬಿಟ್ಟುಬರಲು ಜೊತೆಗೇ ಹಾರುತ್ತಾನೆ ಅಂತಿಟ್ಟುಕೊಳ್ಳಿ. ಲಾಂಜಿಗೆ ಅವನು ಒಬ್ಬರನ್ನು ಕರೆದುಕೊಂಡು ಹೋಗಬಹುದು. ಇಬ್ಬರನ್ನಲ್ಲ. ಆ ಒಬ್ಬರು ಕೂಟದ ವಿಮಾನದಲ್ಲೇ ಹೊರಟಿರಬೇಕು. ಮಧ್ಯರಾತ್ರಿ ಕಳೆದ ಮೇಲೆ ವಿಮಾನ ಇದ್ದರೆ ಮಂಡಿನೋವು ಇರುವವರನ್ನು ಒಳಗೆ ಕಳಿಸಿ, ಇನ್ನೊಬ್ಬರು ಹೊರಗೆ ಕೂರಿ. ಹೆಚ್ಚಿನ ಬ್ಯಾಗು ಅವನ ಹೆಸರಿಗೆ ಬರುತ್ತದೆ, ಆದರೆ ಅದರೊಳಗೆ ನಿಮ್ಮ ಹಲಸಿನ ಹಪ್ಪಳ ತುಂಬಿದರೆ ಯಾರೂ ಕೇಳುವುದಿಲ್ಲ. ಬ್ಯಾಗೇ ಇಲ್ಲದ ತೀರಾ ಅಗ್ಗದ ಟಿಕೆಟ್ಟುಗಳೂ ಬರುತ್ತವೆ. ಅಂಥದ್ದಕ್ಕೆ ಗೋಲ್ಡ್ ಬ್ಯಾಗು ಸಿಗುತ್ತದಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಲಿ. ಮಗ ಏರ್‌ಪೋರ್ಟಿನ ಬಾಗಿಲವರೆಗೆ ಮಾತ್ರ ಬರುವುದಾದರೆ ಅವನ ಕಾರ್ಡಿಗೆ ಅಲ್ಲಿ ಕೆಲಸವೇ ಇಲ್ಲ. ಅವನ ಮೆಂಬರ್ ನಂಬರನ್ನು ನಿಮ್ಮ ಟಿಕೆಟ್ಟಿಗೆ ಹಾಕಿಸಲು ಹೋಗಬೇಡಿ. ಹೆಸರು ಬೇರೆ ಇರುವುದರಿಂದ ಅದು ನಿಲ್ಲುವುದಿಲ್ಲ.

ಈಗ ಪಾಯಿಂಟ್ಸಿನ ಮಾತು. ನಿಮಗೆ ನಿಜವಾಗಿ ಉಪಯೋಗ ಆಗುವುದು ಇದೇ. ಏರ್ ಇಂಡಿಯಾದಲ್ಲಿ ಕೂಡಿಟ್ಟ ಪಾಯಿಂಟ್ಸಿನಿಂದ ಕೂಟದ ಬೇರೆ ಕಂಪನಿಗಳ ಸೀಟನ್ನೂ ತೆಗೆದುಕೊಳ್ಳಬಹುದು. ಮನೆಯವರ ಹೆಸರಿಗೆ ಟಿಕೆಟ್ ಮಾಡಿಸುವ ನಿಯಮ ಒಂದೊಂದು ಯೋಜನೆಯಲ್ಲಿ ಒಂದೊಂದು ಥರ. ಸಿಂಗಾಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್‌ನಲ್ಲಿ ಮೊದಲೇ ಐದು ಜನರ ತನಕ ಹೆಸರು ನೋಂದಾಯಿಸಿಟ್ಟು, ಅವರಿಗೆ ಮಾತ್ರ ತೆಗೆಯಬೇಕು. ಮಗ ತನ್ನ ಖಾತೆಯ ನಿಯಮ ಇವತ್ತೇ ನೋಡಿಕೊಳ್ಳಲಿ, ಹೊರಡುವ ವಾರದಲ್ಲಿ ನೋಡಿದರೆ ತಡವಾಗುತ್ತದೆ.

ಆದರೆ ದುಡ್ಡಿಗೆ ಕಾಣುವ ಸೀಟೆಲ್ಲ ಪಾಯಿಂಟ್ಸಿಗೆ ಸಿಗುವುದಿಲ್ಲ. ಪಾಲುದಾರ ಕಂಪನಿಗಳಿಗೆ ಅಂತ ಬಿಡುವುದು ಕೆಲವೇ ಸೀಟು. ಒಂದೇ ದಿನ ಇಬ್ಬರಿಗೆ ಬೇಕು ಅಂದರೆ ಇನ್ನೂ ಕಷ್ಟ. ತಾರೀಖಿನಲ್ಲಿ ಎರಡು ಮೂರು ದಿನ ಹಿಂದೆಮುಂದೆ ಆಗಲು ತಯಾರಿರಿ. ಇನ್ನೊಂದು, ಪಾಯಿಂಟ್ಸಿನ ಟಿಕೆಟ್ ಪುಕ್ಕಟೆ ಅಲ್ಲ. ತೆರಿಗೆ ಕೈಯಿಂದ ಕಟ್ಟಬೇಕು. ಯುರೋಪಿನ ಕೆಲವು ಕಂಪನಿಗಳು, ಲುಫ್ತಾನ್ಸಾ ಸೇರಿ, ಅದರ ಮೇಲೆ ಸರ್‌ಚಾರ್ಜು ಹಾಕುತ್ತವೆ. ಇದು ಸಣ್ಣ ಮೊತ್ತ ಅಲ್ಲ. ಪಾಯಿಂಟ್ಸೂ ಕೊಟ್ಟು ಇಷ್ಟು ರೊಕ್ಕವನ್ನೂ ಕೊಡುವ ಬದಲು ದುಡ್ಡಿನ ಟಿಕೆಟ್ಟೇ ವಾಸಿ ಅನ್ನಿಸುವ ದಿನಗಳೂ ಇರುತ್ತವೆ. ಎರಡರ ಲೆಕ್ಕವನ್ನೂ ಪಕ್ಕಪಕ್ಕ ಬರೆದು ನೋಡಿ. ಅದೇ ದಾರಿಗೆ ಏರ್ ಇಂಡಿಯಾದ ಸ್ವಂತ ವಿಮಾನ ದೆಹಲಿ ಮೇಲೆ ಸಿಕ್ಕರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ವಾಪಸ್ ಬರುವ ಟಿಕೆಟ್ಟಿನ ಬಗ್ಗೆ ನನಗೆ ಜಾಸ್ತಿ ಚಿಂತೆ. ಜರ್ಮನಿಗೆ ಹೋಗಲು ಮಾಡಿಸುವ ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗೆ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಹೆರಿಗೆ ಒಂದು ವಾರ ಹಿಂದೆಮುಂದೆ ಆಯಿತು, ಇಲ್ಲಿ ತೋಟದಲ್ಲಿ ಏನೋ ತುರ್ತು ಬಂತು, ತಾರೀಖು ಬದಲಾಗಿಯೇ ಆಗುತ್ತದೆ. ಪಾಯಿಂಟ್ಸಿನ ಟಿಕೆಟ್ಟನ್ನು ಬದಲಿಸಬೇಕಾದರೆ ಹೊಸ ದಿನಕ್ಕೆ ಮತ್ತೆ ಅದೇ ಥರದ ಸೀಟು ಖಾಲಿ ಇರಬೇಕು. ಹಾಗಾಗಿ ಹೋಗುವುದಕ್ಕಿಂತ ಬರುವ ಟಿಕೆಟ್ಟಿನ ಬದಲಾವಣೆ ನಿಯಮ, ರದ್ದು ಶುಲ್ಕ ಎರಡನ್ನೂ ಗಮನ ಇಟ್ಟು ಓದಿಸಿಕೊಳ್ಳಿ. ಒಂದು ಕಡೆ ಪಾಯಿಂಟ್ಸು, ಇನ್ನೊಂದು ಕಡೆ ದುಡ್ಡು ಅಂತ ಮಾಡಲೂ ಬರುತ್ತದೆ. ಆದರೆ ವಿದೇಶಿ ಕಂಪನಿಗಳಲ್ಲಿ ಒಂದು ಕಡೆಯ ಟಿಕೆಟ್ಟಿಗೇ ಎಷ್ಟೋ ಸಲ ಎರಡು ಕಡೆಯ ದರ ಬೀಳುತ್ತದೆ, ಹುಷಾರು.

ದುಡ್ಡು ಕೊಟ್ಟೇ ಹೋಗುವುದಾದರೆ ನಿಮ್ಮಿಬ್ಬರ ಹೆಸರಿಗೂ ಬೇರೆ ಬೇರೆ ಖಾತೆ ತೆರೆಸಿ. ಪುಕ್ಕಟೆ. ದುಡ್ಡು ಮಗನೇ ಕಟ್ಟಿದರೂ ಪಾಯಿಂಟ್ಸು ಹಾರಿದವರಿಗೇ ಬರುವುದು. ಪಾಲುದಾರ ಕಂಪನಿಯ ವಿಮಾನವಾದರೆ ಎಷ್ಟು ದೂರ ಹಾರಿದಿರಿ, ಟಿಕೆಟ್ಟಿನಲ್ಲಿ ಯಾವ ಬುಕಿಂಗ್ ಕ್ಲಾಸ್ ಇದೆ ಅನ್ನುವುದರ ಮೇಲೆ ಲೆಕ್ಕ. ಇ-ಟಿಕೆಟ್ಟಿನಲ್ಲಿ ‘ಕ್ಲಾಸ್’ ಅನ್ನುವ ಕಡೆ ಒಂದೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದಲ್ಲ, ಅದೇ. ಅಕ್ಕಪಕ್ಕದ ಸೀಟಿನವರಿಬ್ಬರಿಗೆ ಬೇರೆ ಬೇರೆ ಅಕ್ಷರ ಇದ್ದರೆ ಬರುವ ಪಾಯಿಂಟ್ಸೂ ಬೇರೆ. ಅಗ್ಗದ ಅಕ್ಷರಕ್ಕೆ ಕಮ್ಮಿ, ಕೆಲವಕ್ಕೆ ಏನೂ ಇಲ್ಲ.

ಹೆಸರಿನ ವಿಷಯ ಮಾತ್ರ ನಿಧಾನವಾಗಿ ನೋಡಿ. ನಮ್ಮ ಮಲೆನಾಡಿನ ಹೆಸರುಗಳು ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು ಅಂತ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಅದೇ ಉದ್ದಕ್ಕೆ ಬಿಡಿಸಿಕೊಂಡು ಸರ್‌ನೇಮ್ ಜಾಗಕ್ಕೆ ಹೋಗಿರುತ್ತದೆ, ಇಲ್ಲವೇ ಆ ಜಾಗ ಖಾಲಿ ಇರುತ್ತದೆ. ನಮ್ಮ ಅಪ್ಪನಿಗೆ ಆದದ್ದು ಇದೇ. ಸಿಂಗಾಪುರಕ್ಕೆ ಹೋಗುವಾಗ ಖಾತೆಯನ್ನು ಇನಿಷಿಯಲ್ ಹಾಕಿ ನಾನೇ ತೆರೆದಿದ್ದೆ. ಟಿಕೆಟ್ಟು ಪಾಸ್‌ಪೋರ್ಟಿನ ಪ್ರಕಾರ ಪೂರ್ತಿ ಹೆಸರಿನಲ್ಲಿತ್ತು. ಪಾಯಿಂಟ್ಸು ಬರಲಿಲ್ಲ. ಕೇಳಿದರೆ ಹೆಸರು ಹೊಂದುತ್ತಿಲ್ಲ, ಬೋರ್ಡಿಂಗ್ ಪಾಸ್ ಕಳಿಸಿ ಅಂದರು. ಅಪ್ಪ ಅದನ್ನು ಜೋಪಾನವಾಗಿ ಪಂಚಾಂಗದೊಳಗೆ ಇಟ್ಟಿದ್ದರು. ಮಳೆಗಾಲ ಕಳೆದು ತೆಗೆದು ನೋಡಿದರೆ ಅಕ್ಷರವೆಲ್ಲ ಮಾಸಿಹೋಗಿ ಬಿಳಿ ಚೀಟಿ ಉಳಿದಿತ್ತು. ಥರ್ಮಲ್ ಕಾಗದದ ಹಣೆಬರಹ ಅದು, ಅಂಗಡಿಯ ಬಿಲ್ಲಿನ ಥರ. ಆ ಪಾಯಿಂಟ್ಸು ಕೊನೆಗೂ ಸಿಗಲಿಲ್ಲ. ನೀವು ಹಾಗೆ ಮಾಡಿಕೊಳ್ಳಬೇಡಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಖಾತೆ ತೆರೆಸಿ. ಬೋರ್ಡಿಂಗ್ ಪಾಸ್ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದು ಮಗನಿಗೆ ವಾಟ್ಸಾಪ್ ಮಾಡಿ. ಟಿಕೆಟ್ ನಂಬರ್ ಕೂಡ ಇರಲಿ. 13 ಅಂಕಿ ಇರುತ್ತದೆ, ಲುಫ್ತಾನ್ಸಾದ್ದು 220ರಿಂದ, ಏರ್ ಇಂಡಿಯಾದ್ದು 098ರಿಂದ ಶುರುವಾಗುತ್ತದೆ. ಪಾಯಿಂಟ್ಸು ಬರದಿದ್ದರೆ ಅರ್ಜಿ ಹಾಕಲು ಅದೇ ಆಧಾರ. ಅರ್ಜಿಗೆ ಗಡುವೂ ಇರುತ್ತದೆ, ಊರಿಗೆ ಬಂದ ಮೇಲೆ ನೋಡೋಣ ಅಂತ ಬಿಡಬೇಡಿ.

ಶಿವಮೊಗ್ಗದಿಂದ ಬೆಂಗಳೂರಿನ ತನಕದ ದಾರಿಯನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2023ರ ಆಗಸ್ಟ್ 31ರಂದು ಶಿವಮೊಗ್ಗದ ಏರ್‌ಪೋರ್ಟ್ ಇರುವ ಸೋಗಾನೆಗೆ ಮೊದಲ ಪ್ರಯಾಣಿಕರ ವಿಮಾನ ಬಂದಾಗಿನಿಂದ ನಮ್ಮವರಿಗೆ ಅಲ್ಲಿಂದಲೇ ಹೊರಡುವ ಆಸೆ. ಸಹಜ. ಆದರೆ ಅಲ್ಲಿಗೆ ಬರುವ ಇಂಡಿಗೋ ಸ್ಟಾರ್ ಅಲಯನ್ಸಿನಲ್ಲಿಲ್ಲ. ಸೋಗಾನೆಗೆ ಬರುವ ಸ್ಟಾರ್ ಏರ್‌ಗೂ ಆ ಕೂಟಕ್ಕೂ ಹೆಸರಿನಲ್ಲಿ ಬಿಟ್ಟರೆ ಸಂಬಂಧ ಇಲ್ಲ. ಮಂಗಳೂರಿಗೆ ಹೋಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹತ್ತುತ್ತೇನೆ ಅಂದರೂ ಅಷ್ಟೆ, ಅದು ಕೂಟದ ಸದಸ್ಯ ಅಲ್ಲ. ಇಂಡಿಗೋದ ಒಳನಾಡಿನ ಟಿಕೆಟ್ಟಿಗೆ ಮಾಮೂಲಿ ಚೆಕ್-ಇನ್ ಲಗೇಜು 15 ಕಿಲೋ. ಮಗ ಜೊತೆಗಿದ್ದು ಗೋಲ್ಡ್ ಕಾರ್ಡು ತೋರಿಸಿದರೂ ಸೋಗಾನೆಯ ತಕ್ಕಡಿ ಅದನ್ನು ಕೇಳುವುದಿಲ್ಲ. ಬೇರೆ ಟಿಕೆಟ್ ಆದ್ದರಿಂದ ಬೆಂಗಳೂರಿನಲ್ಲಿ ಬ್ಯಾಗು ಇಳಿಸಿಕೊಂಡು, ಎರಡನೇ ಟರ್ಮಿನಲ್ಲಿಗೆ ಹೋಗಿ ಮತ್ತೆ ಕೊಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಲುಫ್ತಾನ್ಸಾದವರು ಹೊಣೆ ಹೊರುವುದಿಲ್ಲ. ನಾಲ್ಕು ದೊಡ್ಡ ಬ್ಯಾಗು ಇಟ್ಟುಕೊಂಡವರಿಗೆ ರೈಲೋ ಕಾರೋ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಹಿಂದಿನ ದಿನವೇ ಹೋಗಿ ಮಗನ ಮನೆಯಲ್ಲಿ ಉಳಿದುಕೊಳ್ಳಿ.

ಬ್ಯಾಗಿಗೆ ಏನು ತುಂಬುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಕೈಚೀಲದಲ್ಲಿ ಬೇಡ, ಗಟ್ಟಿ ಮುಚ್ಚಳ ಹಾಕಿ ದೊಡ್ಡ ಬ್ಯಾಗಿಗೆ ಹಾಕಿ. ಬಾಣಂತಿಗೆ ಅಂತ ಮನೆಯ ತುಪ್ಪದ ಡಬ್ಬಿ ಖಂಡಿತ ತೆಗೆದಿಟ್ಟಿರುತ್ತೀರಿ. ಅದನ್ನು ಬಿಟ್ಟು ಹೋಗಿ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದಕ್ಕೆ ಯುರೋಪಿನ ಒಕ್ಕೂಟದಲ್ಲಿ ನಿಷೇಧ ಇದೆ, ಕಸ್ಟಮ್ಸಿನಲ್ಲಿ ಸಿಕ್ಕರೆ ತೆಗೆದು ಎಸೆಯುತ್ತಾರೆ. ಅಲ್ಲಿ ಒಳ್ಳೆ ಬೆಣ್ಣೆ ಬೇಕಾದಷ್ಟು ಸಿಗುತ್ತದೆ. ಹೋದ ದಿನವೇ ಎರಡು ಪೊಟ್ಟಣ ತರಿಸಿ, ನಾಲ್ಕು ಮೆಂತ್ಯ ಹಾಕಿ ನೀವೇ ಕಾಯಿಸಿಕೊಡಿ.